ಹಾಡಲು ಯಾರ ಅಪ್ಪಣೆ ಬೇಕು?

"ಹಾಡುವುದು ಹಾಡುಗಾರರ ಕೆಲಸ, ನಾವು ಕೇಳಿದರೆ ಸಾಕು." ಈ ಮಾತು ಇತ್ತೀಚಿನ ವರ್ಷಗಳಲ್ಲಿ ನಮ್ಮ ಊರುಗಳ ಕಾರ್ಯಕ್ರಮಗಳಲ್ಲಿ, ಅನುಭಾವ ಗೋಷ್ಠಿಗಳಲ್ಲಿ, ಮದುವೆ ಮನೆಗಳಲ್ಲಿ ಕೂಡ ಕೇಳಿಬರುತ್ತಿದೆ. ಹೇಳುವವರು ದುಷ್ಟರಲ್ಲ. ಸಮಿತಿಯ ಹಿರಿಯರು, ಧ್ವನಿವರ್ಧಕದ ವ್ಯವಸ್ಥೆ ನೋಡುವವರು, ನಿರೂಪಣೆ ಮಾಡುವ ಮಾಸ್ತರರು, ಒಮ್ಮೊಮ್ಮೆ ಸಂಗೀತದ ಪರೀಕ್ಷೆ ಪಾಸಾದವರು. ಮಾತು ಸಭ್ಯವಾಗಿಯೇ ಇರುತ್ತದೆ. ಆದರೆ ಅದರೊಳಗೆ ಇರುವುದು ಮೇಲು-ಕೀಳಿನ ಲೆಕ್ಕ. ಆ ಲೆಕ್ಕವನ್ನು ಬೇರೆಲ್ಲ ಕಡೆ ಖಂಡಿಸುವ ನಾವು ಇಲ್ಲಿ ಮಾತ್ರ ತಲೆಯಾಡಿಸಿ ಕೂಡುತ್ತೇವೆ. ಅದು ನನಗೆ ಒಪ್ಪಿಗೆಯಿಲ್ಲ.

ನಾನು ಹೇಳುತ್ತಿರುವುದು ಮನೆಯಲ್ಲಿ ಕೂತು ತಮ್ಮ ಹಾಡನ್ನು ತಾವೇ ಬರೆದು, ತಾವೇ ಧಾಟಿ ಕಟ್ಟಿ, ತಾವೇ ಹಾಡಿ, ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಧ್ವನಿಮುದ್ರಣ ಮಾಡಿಕೊಳ್ಳುವವರ ವಿಷಯ. ನಮ್ಮ ಭಾಗದ ಸಣ್ಣ ಪಟ್ಟಣಗಳಲ್ಲಿ ಇಂಥವರು ನೀವು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ನನಗೇ ಪರಿಚಯವಿರುವವರಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ಕಿರಾಣಿ ಅಂಗಡಿಯವರು, ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಇಬ್ಬರು ಕಾಲೇಜು ಹುಡುಗರು ಇದ್ದಾರೆ. ನಾನೂ ಅವರಲ್ಲೊಬ್ಬ. 32 ವರ್ಷ ಕಾಲುವೆ, ತೂಬು, ಗೇಟು ಎಂದು ಬಿಸಿಲಲ್ಲಿ ಓಡಾಡಿ ನಿವೃತ್ತನಾದ ಸಿವಿಲ್ ಇಂಜಿನಿಯರ್. ಸಂಗೀತದ ಸರ್ಟಿಫಿಕೇಟು ಒಂದೂ ಇಲ್ಲ. ಹಾರ್ಮೋನಿಯಂ ಚಿಕ್ಕಂದಿನಲ್ಲಿ ಭಜನಾ ಮಂಡಳಿಯಲ್ಲಿ ನೋಡಿ ನೋಡಿ ಕಲಿತದ್ದು. ನಿವೃತ್ತಿಯ ನಂತರ ಅರವತ್ತಕ್ಕೂ ಹೆಚ್ಚು ಹಾಡು ಬರೆದಿದ್ದೇನೆ. ಅವುಗಳಲ್ಲಿ ನಾಲ್ಕು ಜನರ ಮುಂದೆ ಹಾಡಲು ಯೋಗ್ಯವಾದವು ಇಪ್ಪತ್ತಿರಬಹುದು. ಕಾಲುವೆಯ ಟೇಲ್ ಎಂಡ್ ಹಳ್ಳಿಗೆ ನೀರು ಮುಟ್ಟದ ಸಂಕಟ, ಮಗಳ ಓದಿಗೆಂದು ಎಮ್ಮೆ ಮಾರಿದ ತಾಯಿ, ಗುಳೆ ಹೋದವರ ಬೀಗ ಹಾಕಿದ ಬಾಗಿಲು, ಇಂಥವೇ ನನ್ನ ವಸ್ತು. ಇವನ್ನು ಯಾವ ಸಿನಿಮಾ ಕವಿಯೂ ನನಗಾಗಿ ಬರೆದುಕೊಡುವುದಿಲ್ಲ.

ಕಳೆದ ವರ್ಷ ಒಂದು ಊರಿನ ಕಾರ್ಯಕ್ರಮದಲ್ಲಿ ಮೂರು ಹಾಡು ಹಾಡುತ್ತೇನೆಂದು ಕೇಳಿಕೊಂಡೆ. ಸಮಿತಿಯವರೊಬ್ಬರು ಬಹಳ ಗೌರವದಿಂದಲೇ, "ಸಾಹೇಬ್ರ, ಟ್ರ್ಯಾಕ್ ಐತೇನ್ರಿ?" ಎಂದರು. ಟ್ರ್ಯಾಕ್ ಇಲ್ಲ, ಪೇಟಿ ಐತಿ, ತಬಲಾದ ಹುಡುಗ ಬರ್ತಾನ ಎಂದೆ. "ಹಂಗಾದ್ರ ಬ್ಯಾಡ ಬಿಡ್ರಿ, ಕ್ವಾಲಿಟಿ ಬರೂದಿಲ್ಲ" ಎಂದರು. ಆ ಸಂಜೆ ಹಣ ಕೊಟ್ಟು ಕರೆಸಿದ ಗಾಯಕರು ಸಿನಿಮಾ ಧಾಟಿಯ ಟ್ರ್ಯಾಕಿಗೆ ಭಕ್ತಿಗೀತೆ ಹಾಡಿದರು. ಆ ಗಾಯಕರ ಮೇಲೆ ನನಗೆ ಕೋಪವಿಲ್ಲ. ಅವರದು ಹೊಟ್ಟೆಪಾಡು, ನಿಯತ್ತಿನಿಂದ ಮಾಡುತ್ತಾರೆ. ನನ್ನ ಜಗಳ "ಕ್ವಾಲಿಟಿ" ಎಂಬ ಶಬ್ದದ ಜೊತೆ.

ಇಂಜಿನಿಯರನ ಮುಂದೆ ಕ್ವಾಲಿಟಿ ಎಂಬ ಶಬ್ದ ಬಳಸುವವರು ಸ್ವಲ್ಪ ಎಚ್ಚರದಿಂದ ಬಳಸಬೇಕು. ಕಾಂಕ್ರೀಟಿಗೆ ಎಂ-20 ಎಂದು ಒಂದು ದರ್ಜೆ ಇದೆ. 150 ಮಿಲಿಮೀಟರಿನ ಘನವನ್ನು ಎರಕ ಹೊಯ್ದು, 28 ದಿನ ನೀರಲ್ಲಿಟ್ಟು ಒತ್ತಿದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆದುಕೊಳ್ಳಬೇಕು ಎಂಬುದು ಅದರ ಅರ್ಥ. ಎಂ-40 ಅದಕ್ಕಿಂತ ಇಮ್ಮಡಿ ಗಟ್ಟಿ. ಹಾಗಂತ ಎರಡು ಕೋಣೆಯ ಮನೆ ಕಟ್ಟುವವನಿಗೆ ಎಂ-40 ಹಾಕಿಸು ಎಂದು ಹೇಳುವ ಇಂಜಿನಿಯರ್ ಜಾಣನಲ್ಲ, ಗುತ್ತಿಗೆದಾರನ ಗೆಳೆಯ. ಯಾವ ಕೆಲಸಕ್ಕೆ, ಯಾವ ಭಾರಕ್ಕೆ ಎಂದು ಕೇಳದೆ ಗುಣಮಟ್ಟ ಹೇಳಲು ಬರುವುದಿಲ್ಲ. ಇನ್ನೂರು ಜನ ಕೂತ ಸಭೆಯಲ್ಲಿ, ಪರಿಚಯದ ಮನುಷ್ಯ, ತನ್ನ ಊರಿನ ನೋವನ್ನು ತನ್ನ ಮಾತಿನಲ್ಲಿ ಹಾಡುವುದಕ್ಕೆ ಬೇಕಾದ ಗುಣಮಟ್ಟ ಯಾವುದು? ಶಬ್ದ ಸ್ಪಷ್ಟವಿರಬೇಕು, ಶ್ರುತಿ ತಪ್ಪಬಾರದು, ಹೇಳುವುದರಲ್ಲಿ ಹುರುಳಿರಬೇಕು. ಇದು ಮೂರೂ ಇದ್ದರೆ ಟ್ರ್ಯಾಕಿನ ನಲವತ್ತು ಪಿಟೀಲು ಯಾವ ಭಾರ ಹೊರಲಿಕ್ಕೆ?

ಸರಿ, "ಸ್ಟುಡಿಯೋದಲ್ಲಿ ಮಾಡಿಸಿ" ಎನ್ನುತ್ತಾರೆ. ಸ್ಟುಡಿಯೋ ಕೊಡುವುದು ಏನು ಎಂದು ಬಿಡಿಸಿ ನೋಡೋಣ. ಒಂದು, ಹೊರಗಿನ ಸದ್ದು ಬಾರದ ಕೋಣೆ. ಎರಡು, ಒಳಗಿನ ಸದ್ದು ಗೋಡೆಗೆ ಬಡಿದು ಮರಳಿ ಬಾರದಂತೆ ಹೀರುವ ಗೋಡೆ. ಮೂರು, ಒಳ್ಳೆಯ ಮೈಕು. ನಾಲ್ಕು, ಕೇಳಿ "ಇನ್ನೊಮ್ಮೆ ಹಾಡ್ರಿ" ಎನ್ನುವ ಎರಡನೆಯ ಕಿವಿ. ನನ್ನ ಅನುಭವದಲ್ಲಿ ನಾಲ್ಕನೆಯದೇ ದುಬಾರಿ. ಉಳಿದ ಮೂರನ್ನು ಮನೆಯಲ್ಲಿ ಮುಕ್ಕಾಲು ಪಾಲು ಸಾಧಿಸಬಹುದು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಏಕೆಂದರೆ ಇದು ಗೊತ್ತಿಲ್ಲದ ಕಾರಣಕ್ಕೇ ನಮ್ಮವರು ಸಾಲ ಮಾಡಿ ಸ್ಟುಡಿಯೋ ಬಾಗಿಲು ತಟ್ಟುತ್ತಾರೆ.

ನಮ್ಮ ಮನೆಗಳ ಕೋಣೆ ಸಾಮಾನ್ಯವಾಗಿ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅದು ನಿಂತು ಮೊಳಗುವ ಅತಿ ಕೆಳಗಿನ ಸ್ವರ ಬೇಕಾದರೆ ಆ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಬೇಕು. 12 ಅಡಿಗೆ ಸುಮಾರು 47 ಹರ್ಟ್ಸ್, 10 ಅಡಿಗೆ 56. ಅದರ ಮೇಲೆ ಅವುಗಳ ಎರಡರಷ್ಟು, ಮೂರರಷ್ಟು ಸಂಖ್ಯೆಗಳಲ್ಲೂ ಕೋಣೆ ಮೊಳಗುತ್ತದೆ. ಅಗಲವೂ ಎತ್ತರವೂ ಒಂದೇ ಆದರೆ ಎರಡೂ ಒಂದೇ ಜಾಗದಲ್ಲಿ ಕೂಡಿಕೊಂಡು, ಗಂಡಸಿನ ದನಿಯ ತಗ್ಗು ಸ್ವರ ಹಂಡೆಯೊಳಗೆ ಹಾಡಿದಂತೆ ಕೇಳುತ್ತದೆ. ಖಾಲಿ ಹಾಲ್‌ನಲ್ಲಿ ಹಾಡಿದರೆ ಚೆಂದ ಎಂದು ತಿಳಿಯುವವರು ಇದನ್ನು ಗಮನಿಸಬೇಕು. ಹಾಡಬೇಕಾದದ್ದು ಬಟ್ಟೆಯ ಕಪಾಟು, ಹಾಸಿಗೆ, ಪುಸ್ತಕ ತುಂಬಿದ ಕೋಣೆಯಲ್ಲಿ. ಕೋಣೆಯ ನಟ್ಟನಡುವೆ ನಿಲ್ಲಬಾರದು, ಮೂಲೆಯಲ್ಲೂ ನಿಲ್ಲಬಾರದು.

ಇನ್ನು ಗೋಡೆ. ಸ್ಪಂಜಿನ ಹಲಗೆಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ನಮ್ಮ ಮನೆಗಳಲ್ಲಿ ಅವ್ವಂದಿರು ಹಳೆ ಸೀರೆ ಕೂಡಿಸಿ ಹೊಲಿದ ಕೌದಿಗಳಿವೆಯಲ್ಲ! ಐದಾರು ಪದರದ ಕೌದಿಯನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ಹಗ್ಗದ ಮೇಲೆ ತೂಗುಹಾಕಿ. ಎಲ್ಲಿ ಎಂಬುದು ಮುಖ್ಯ: ಮೈಕಿನ ಹಿಂದೆ ಅಲ್ಲ, ಹಾಡುವವರ ಬೆನ್ನ ಹಿಂದೆ. ಒಂದೇ ದಿಕ್ಕಿನಿಂದ ಕೇಳುವ ಮೈಕಿನ ಮುಖ ನಿಮ್ಮ ಕಡೆಗಿರುತ್ತದೆ, ಎಂದರೆ ನಿಮ್ಮ ಹಿಂದಿನ ಗೋಡೆಯ ಕಡೆಗೂ ಇರುತ್ತದೆ. ಅಲ್ಲಿಂದ ಮರಳುವ ಪ್ರತಿಧ್ವನಿಯೇ ಹಾಡನ್ನು ಕೆಡಿಸುವುದು. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಸಾಕು. ಅಂತರ ಅರ್ಧಕ್ಕಿಳಿದರೆ ನಿಮ್ಮ ದನಿ 6 ಡೆಸಿಬಲ್ ಮೇಲೇರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ತೀರ ಹತ್ತಿರ ಹೋದರೆ ದನಿ ಗುಂಯ್‌ಗುಡುತ್ತದೆ. "ಪ", "ಫ", "ಭ" ಅಕ್ಷರಗಳ ಉಸಿರು ಮೈಕಿಗೆ ಬಡಿಯದಂತೆ ಕಸೂತಿ ಹಾಕುವ ಬಳೆಗೆ ತೆಳ್ಳನೆಯ ಬಟ್ಟೆ ಬಿಗಿದು ಮಧ್ಯೆ ಇಟ್ಟರಾಯಿತು. ಫ್ಯಾನ್ ಬಂದ್ ಮಾಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ 50 ಹರ್ಟ್ಸಿನ ವಿದ್ಯುತ್ತಿನ ಗುಂಯ್‌ಕಾರ, ಅದರ ಮೇಲೆ 100ರದ್ದು, ಹಾಡಿನುದ್ದಕ್ಕೂ ಜೊತೆಗೇ ಹಾಡುತ್ತಿರುತ್ತದೆ.

ಮುದ್ರಿಸಿಕೊಳ್ಳಲು ಆಡಾಸಿಟಿ ಎಂಬ ತಂತ್ರಾಂಶ 2000ನೇ ಇಸವಿಯಿಂದ ಉಚಿತವಾಗಿ ಸಿಗುತ್ತಿದೆ. 24 ಬಿಟ್‌ನಲ್ಲಿ ಮುದ್ರಿಸಿದರೆ ಲೆಕ್ಕದ ಪ್ರಕಾರ ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ 144 ಡೆಸಿಬಲ್ ಹರವು ಇದೆ. ಸಿ.ಡಿ.ಯ 16 ಬಿಟ್‌ಗೆ 96. ಹೀಗಾಗಿ ಕಿರುಚುವ ಅಗತ್ಯವಿಲ್ಲ, ಸೂಚಿ ಕೆಂಪಿಗೆ ಮುಟ್ಟದಂತೆ ಹತ್ತು-ಹನ್ನೆರಡು ಡೆಸಿಬಲ್ ಕೆಳಗೇ ಇಟ್ಟುಕೊಂಡು ನೆಮ್ಮದಿಯಿಂದ ಹಾಡಬಹುದು. ನನ್ನ ಇಡೀ ಸಾಮಗ್ರಿ, ಮೈಕು, ಅದರ ಕಾಲು, ಕಿವಿಗೆ ಹಾಕುವ ಹೆಡ್‌ಫೋನು ಸೇರಿ, ಒಂದು ಸಾಧಾರಣ ಮೊಬೈಲಿನ ಬೆಲೆ ದಾಟಿಲ್ಲ. ಇದನ್ನು ಕೇಳಿ "ಕ್ವಾಲಿಟಿ ಇಲ್ಲ" ಎಂದವರು ಯಾರೂ ಒಂದೇ ಒಂದು ಸಲ ಯಾವ ದೋಷ, ಎಲ್ಲಿ ಎಂದು ತೋರಿಸಿಲ್ಲ. ಮನೆಯಲ್ಲಿ ಮಾಡಿದ್ದು ಎಂದು ಗೊತ್ತಾದ ಮೇಲೆಯೇ ಅವರಿಗೆ ದೋಷ ಕೇಳಿಸತೊಡಗುತ್ತದೆ.

ಇದು ಹೊಸ ರೋಗವಲ್ಲ. ನಮ್ಮ ಭಜನೆಗಳ ಜೀವವೇ ಆಗಿರುವ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಆಕಾಶವಾಣಿ 1940ರಲ್ಲಿ ಹೊರಗಟ್ಟಿತ್ತು. ಅದರ ಸ್ವರಗಳು ಸಮಪಾಲು ಮಾಡಿ ಕೂಡಿಸಿದವು, ನಮ್ಮ ಶ್ರುತಿಗೆ ಒಗ್ಗುವುದಿಲ್ಲ, ಮೀಂಡ್ ಬರುವುದಿಲ್ಲ ಎಂಬುದು ಪಂಡಿತರ ವಾದ. ವಾದದಲ್ಲಿ ಸತ್ಯಾಂಶವಿತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಫಲವೇನು? 1971ರ ತನಕ, ಮೂವತ್ತೊಂದು ವರ್ಷ, ದೇಶದ ಹಳ್ಳಿಹಳ್ಳಿಯ ಭಜನೆಯಲ್ಲಿ, ಕೀರ್ತನೆಯಲ್ಲಿ, ನಾಟಕ ಕಂಪನಿಯಲ್ಲಿ ಮೊಳಗುತ್ತಿದ್ದ ವಾದ್ಯ ಸರಕಾರಿ ರೇಡಿಯೋದಲ್ಲಿ ಮಾತ್ರ ಇರಲಿಲ್ಲ. ಹಳ್ಳಿಯ ಜನ ರೇಡಿಯೋ ಕೇಳಿ ಪೇಟಿ ಬಿಡಲಿಲ್ಲ. ಕೊನೆಗೆ ರೇಡಿಯೋವೇ ಬಗ್ಗಿತು. 1952ರ ನಂತರ ಸಿನಿಮಾ ಹಾಡುಗಳ ವಿಷಯದಲ್ಲೂ ಅದೇ ಆಯಿತು. ಹಾಡು ಬೇಕಾದವರು ರೇಡಿಯೋ ಸಿಲೋನ್ ಕಡೆಗೆ ತಿರುಗಿದರು, 1957ರಲ್ಲಿ ವಿವಿಧ ಭಾರತಿ ಶುರುಮಾಡಬೇಕಾಯಿತು. ಮೇಲೆ ಕೂತವರು ಯಾವುದು ಹಾಡು ಎಂದು ತೀರ್ಮಾನಿಸಿದಾಗಲೆಲ್ಲ ಹೀಗೆಯೇ ಆಗಿದೆ. ಇಂದು ಟ್ರ್ಯಾಕ್ ಕೇಳುವ ನಮ್ಮ ಸಮಿತಿಯವರು ಅಂದಿನ ಪಂಡಿತರಷ್ಟು ಕೂಡ ಕಾರಣ ಕೊಡುವುದಿಲ್ಲ.

ಧ್ವನಿಮುದ್ರಣದ ಇತಿಹಾಸವೇ ನೋಡಿ. ನಮ್ಮ ದೇಶದ ಮೊದಲ ಗ್ರಾಮಫೋನ್ ತಟ್ಟೆಗಳಿಗಾಗಿ 1902ರಲ್ಲಿ ಗೌಹರ್ ಜಾನ್ ಹಾಡಿದ್ದು ಕಲ್ಕತ್ತೆಯ ಒಂದು ಹೋಟೆಲಿನ ಕೋಣೆಯಲ್ಲಿ. ಇಂಗ್ಲೆಂಡಿನಿಂದ ಬಂದ ಫ್ರೆಡ್ ಗೈಸ್ಬರ್ಗ್ ಅಲ್ಲೇ ಯಂತ್ರ ಹೂಡಿ, ತುತ್ತೂರಿಯಂಥ ಕೊಳವೆಯ ಮುಂದೆ ಆಕೆಯನ್ನು ಕೂಡಿಸಿ, ಮೂರು ನಿಮಿಷದ ಮಿತಿಯಲ್ಲಿ ಹಾಡಿಸಿದ. ತಟ್ಟೆ ತಯಾರಾಗುವುದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಯಾರದ್ದೆಂದು ಗೊತ್ತಾಗಲಿ ಎಂದು ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಆ ಕೋಣೆಗೆ ನನ್ನ ಕೌದಿಯ ಕೋಣೆಗಿಂತ ಹೆಚ್ಚಿನ ಅನುಕೂಲ ಏನೂ ಇರಲಿಲ್ಲ.

ದೂರದ ಅಮೆರಿಕದ ಒಂದು ಪ್ರಸಂಗ ನನಗೆ ಇನ್ನೂ ಹಿಡಿಸುತ್ತದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆ ಕಾಲಕ್ಕೇ ದೊಡ್ಡ ಹೆಸರಿನ ಗಾಯಕ. 1982ರ ಆರಂಭದಲ್ಲಿ ನ್ಯೂಜೆರ್ಸಿಯ ತನ್ನ ಬಾಡಿಗೆ ಮನೆಯಲ್ಲಿ, ಟಿಯಾಕ್ ಕಂಪನಿಯ ನಾಲ್ಕು ಟ್ರ್ಯಾಕಿನ ಸಾದಾ ಕ್ಯಾಸೆಟ್ ಯಂತ್ರದ ಮೇಲೆ, ಎರಡು ಸಾಧಾರಣ ಮೈಕು ಇಟ್ಟು, ಬಡವರ, ಕೆಲಸ ಕಳೆದುಕೊಂಡವರ ಹಾಡುಗಳನ್ನು ತನ್ನ ತಂಡಕ್ಕೆ ಕಲಿಸಲೆಂದು ಮುದ್ರಿಸಿಕೊಂಡ. ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಆಮೇಲೆ ಸ್ಟುಡಿಯೋದಲ್ಲಿ ಇಡೀ ತಂಡವನ್ನು ಕೂಡಿಸಿ ಹಾಡಿ ನೋಡಿದರೆ ಹಾಡಿನ ಜೀವವೇ ಹೋಗಿತ್ತು. ಕೊನೆಗೆ ಮನೆಯ ಕ್ಯಾಸೆಟ್ಟನ್ನೇ "ನೆಬ್ರಾಸ್ಕಾ" ಎಂಬ ಹೆಸರಿನಲ್ಲಿ ಅದೇ ವರ್ಷ ಬಿಡುಗಡೆ ಮಾಡಿದರು. ಸ್ಟುಡಿಯೋ ಅವನ ಕೈಯಳತೆಯಲ್ಲಿತ್ತು, ಹಣವಿತ್ತು. ಆದರೂ ಮನೆಯದನ್ನೇ ಆರಿಸಿಕೊಂಡ. ಈಚೆಗೆ ಬಿಲ್ಲಿ ಐಲಿಶ್ ಎಂಬ ಹುಡುಗಿ ಅಣ್ಣನ ಮಲಗುವ ಕೋಣೆಯಲ್ಲಿ ಮುದ್ರಿಸಿದ ಆಲ್ಬಮ್ 2020ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳನ್ನು ಬಾಚಿಕೊಂಡಿತು ಎಂದು ನನ್ನ ಮೊಮ್ಮಗಳು ಹೇಳಿದಾಗ ನಾನು ಮೊದಲು ನಂಬಲಿಲ್ಲ. ಆ ಹಾಡುಗಳು ನನ್ನ ಕಿವಿಗೆ ಒಗ್ಗಲಿಲ್ಲ, ಅದು ಬೇರೆ ಮಾತು.

ಅಷ್ಟು ದೂರ ಯಾಕೆ, ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಕೆಲಕಾಲ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ್ದರು. ಅವರ ಪದಗಳಿಗೆ ಯಾವ ದರಬಾರದ ಗವಾಯಿಯೂ ಅಪ್ಪಣೆ ಕೊಟ್ಟಿರಲಿಲ್ಲ. ಸುತ್ತಲಿನ ಹಳ್ಳಿಯ ಜನ ಬಾಯಿಂದ ಬಾಯಿಗೆ ಹಾಡಿಕೊಂಡು ಉಳಿಸಿದರು. ನೂರು ವರ್ಷದ ನಂತರ ಕ್ಯಾಸೆಟ್ಟಿಗೆ ಬಂದಮೇಲೆ ಅವು ದೊಡ್ಡ ಸಂಗೀತ ಎನಿಸಿಕೊಂಡವು. ಎಡಿಸನ್ 1877ರಲ್ಲೇ ಫೋನೋಗ್ರಾಫ್ ಕಂಡುಹಿಡಿದಿದ್ದ. ಶರೀಫರು ಬದುಕಿದ್ದ ಕೊನೆಯ ಹನ್ನೆರಡು ವರ್ಷ ದನಿಯನ್ನು ಹಿಡಿದಿಡುವ ಯಂತ್ರ ಈ ಭೂಮಿಯ ಮೇಲಿತ್ತು, ಶಿಶುವಿನಹಾಳದಲ್ಲಿ ಇರಲಿಲ್ಲ ಅಷ್ಟೆ. ಇವತ್ತು ಆ ಯಂತ್ರ ಪ್ರತಿ ಮನೆಯ ಜೇಬಿನಲ್ಲಿದೆ. ನಮಗೆ ಮಾತ್ರ "ಹಾಡುವುದು ನಮ್ಮ ಕೆಲಸವಲ್ಲ" ಎಂದು ಹೇಳಿಕೊಡಲಾಗುತ್ತಿದೆ. ಮಾದಾರ, ಮೇದಾರ, ಅಂಬಿಗ, ಹಗ್ಗ ಹೊಸೆಯುವವರು ತಮ್ಮ ಕಾಯಕದ ನಡುವೆ ವಚನ ಕಟ್ಟಿದ್ದನ್ನು ವೇದಿಕೆಯ ಮೇಲೆ ಕೊಂಡಾಡುವವರೇ, ಕೆಳಗೆ ಕೂತ ಕಿರಾಣಿ ಅಂಗಡಿಯವರ ಹಾಡಿಗೆ ನಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಇದಕ್ಕಿಂತ ನೋವು ಕೊಡುವುದು ಭಾಷೆಯ ವಿಷಯ. ಮೇಲೆ ಹೇಳಿದ ಕಂಡಕ್ಟರ್ ಹುಡುಗ ಒಂದು ಸ್ಟುಡಿಯೋಕ್ಕೆ ಹೋಗಿ ಹಾಡಿದ. "ಬಂದಾನ", "ಹೋಗ್ಯಾಳ", "ಅವ್ವ ನನಗ ಹೇಳ್ಯಾಳ" ಎಂಬ ಮಾತುಗಳಿದ್ದವು. ಧ್ವನಿಮುದ್ರಣ ಮಾಡುವವರು ನಿಲ್ಲಿಸಿ, "ಇದು ಜಾನಪದ ಆಯ್ತು, ಸ್ವಲ್ಪ ಶುದ್ಧ ಕನ್ನಡ ಮಾಡಿ" ಎಂದರಂತೆ. ಹುಡುಗ ಅಲ್ಲೇ ತಿದ್ದಿ "ಬಂದಿಹನು", "ಹೋಗಿಹಳು" ಎಂದು ಹಾಡಿ ಬಂದ. ನನಗೆ ಎರಡನ್ನೂ ಕೇಳಿಸಿದ. ಮನೆಯಲ್ಲಿ ಮೊಬೈಲಿನಲ್ಲಿ ಹಾಡಿದ್ದರಲ್ಲಿ ಅವನ ತಾಯಿ ಇದ್ದಳು. ಸ್ಟುಡಿಯೋದ್ದರಲ್ಲಿ ಯಾರೂ ಇರಲಿಲ್ಲ. ಹಿನ್ನೆಲೆ ಸಂಗೀತ ಮಾತ್ರ ಬಹಳ ಚೊಕ್ಕಟವಾಗಿತ್ತು. ನಮ್ಮ ಮನೆಮಾತು ಅಶುದ್ಧ ಎಂದು ಹಣ ಕೊಟ್ಟು ಹೇಳಿಸಿಕೊಂಡು ಬರುವ ದರ್ದು ನಮಗೇಕೆ?

ಈಗ ಇನ್ನೊಂದು ಬಂದಿದೆ. ನಾಲ್ಕು ಸಾಲು ಟೈಪು ಮಾಡಿದರೆ ಒಂದೆರಡು ನಿಮಿಷದಲ್ಲಿ ಯಂತ್ರವೇ ರಾಗ ಹಾಕಿ, ವಾದ್ಯ ಕೂಡಿಸಿ, ಗಂಡು ದನಿ ಬೇಕೋ ಹೆಣ್ಣು ದನಿ ಬೇಕೋ ಎಂದು ಕೇಳಿ ಹಾಡಿಕೊಡುತ್ತದೆ. ಕಳೆದ ಜಯಂತಿಗಳ ಹೊತ್ತಿನಲ್ಲಿ ಇಂಥ ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. "ನೋಡ್ರಿ, ಎಷ್ಟು ಚೆಂದ, ಖರ್ಚೂ ಇಲ್ಲ" ಎಂದು ಹಿರಿಯರೇ ಕಳಿಸಿದರು. ನಾನು ಯಂತ್ರದ ವೈರಿಯಲ್ಲ, ಯಂತ್ರದಿಂದಲೇ ಅನ್ನ ಉಂಡವನು. ನನಗೆ ಬಂದವುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕೆಲವು ಕಡೆ "ಳ" ಹೋಗಿ "ಲ" ಆಗಿತ್ತು, "ಣ" ಹೋಗಿ "ನ" ಆಗಿತ್ತು, ಒಂದರಲ್ಲಿ ಶಬ್ದವನ್ನು ತುಂಡರಿಸಿದ ಜಾಗ ಎಂಥದೆಂದರೆ ಅರ್ಥವೇ ತಿರುಗುಮುರುಗಾಗಿತ್ತು. ಇವು ನಾಳೆ ಸುಧಾರಿಸುತ್ತವೆ, ಅದರ ಮೇಲೆ ನನ್ನ ವಾದ ನಿಂತಿಲ್ಲ. ನನ್ನ ಪ್ರಶ್ನೆ ಇಷ್ಟೇ: ಮನೆಯಲ್ಲಿ ಹಾಡಿದ ಮನುಷ್ಯನ ದನಿಗೆ "ಕ್ವಾಲಿಟಿ ಇಲ್ಲ" ಎಂದ ಸಮಿತಿ, ಯಾರೂ ಹಾಡದ ಹಾಡಿಗೆ ಚಪ್ಪಾಳೆ ಹೊಡೆಸಿತಲ್ಲ, ಆ ಚಪ್ಪಾಳೆ ಯಾರಿಗೆ? ಹಾಡು ಕಟ್ಟುವಾಗ ಒಂದು ಸಾಲಿಗೆ ಮೂರು ದಿನ ಒದ್ದಾಡಿ, ನಾಲ್ಕನೆಯ ದಿನ ನಸುಕಿನಲ್ಲಿ ಎದ್ದು ಆ ಶಬ್ದ ಸಿಕ್ಕಿತಲ್ಲ ಎಂದು ಪೇಟಿಯ ಮುಂದೆ ಕೂಡುವುದಿದೆ. ಹಾಡಿನಿಂದ ಮನುಷ್ಯನಿಗೆ ಆಗುವ ಉಪಕಾರ ಬಹುಪಾಲು ಅಲ್ಲೇ ಇದೆ. ನಡೆಯಲು ಬೈಕು ಕೊಂಡಂತೆ, ಅದನ್ನೂ ಯಂತ್ರಕ್ಕೆ ಒಪ್ಪಿಸಿದರೆ ಉಳಿದದ್ದು ಗಾಳಿಯಲ್ಲಿ ಓಡಾಡುವ ಸದ್ದು.

ಹಣದ ಮಾತಿಗೆ ಬರುತ್ತೇನೆ. ಆ ನಿವೃತ್ತ ಶಿಕ್ಷಕಿಯವರು, ನಾವೆಲ್ಲ ಅಕ್ಕಾವ್ರು ಎನ್ನುತ್ತೇವೆ, ನಲವತ್ತರಷ್ಟು ಹಾಡು ಬರೆದವರು. ಆಲ್ಬಮ್ ಮಾಡಿಕೊಡುತ್ತೇನೆಂದು ಒಬ್ಬರು ಮುಂದೆ ಬಂದರು. ಪಿಂಚಣಿಯ ಹಣದಲ್ಲಿ ಖರ್ಚು ಅಕ್ಕಾವ್ರದ್ದೇ. ಜೊತೆಗೆ ಒಂದು ಛಾಪಾ ಕಾಗದ: ಹಾಡಿನ ಸಾಹಿತ್ಯ, ರಾಗ, ಧ್ವನಿ ಎಲ್ಲದರ ಹಕ್ಕು ಕಾಯಂ ಆಗಿ, ಜಗತ್ತಿನಾದ್ಯಂತ, ಆ ಪುಣ್ಯಾತ್ಮರಿಗೆ. ಅವರು ಸಹಿ ಹಾಕುವ ಮುನ್ನ ನನಗೆ ತೋರಿಸಿದ್ದು ಒಳ್ಳೆಯದಾಯಿತು. ಟೆಂಡರ್ ಕಾಗದ ಓದಿ ಓದಿ ಕಣ್ಣು ಕೆಟ್ಟವನು ನಾನು, ಇಂಥವನ್ನು ವಾಸನೆಯಿಂದಲೇ ಹಿಡಿಯುತ್ತೇನೆ.

ಓದುಗರು ಇದೊಂದನ್ನಾದರೂ ನೆನಪಿಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಹಾಡು ಬರೆದ ಕ್ಷಣವೇ ಹಕ್ಕು ನಿಮ್ಮದು. ನೋಂದಣಿ ಮಾಡಿಸಬಹುದು, ಮಾಡಿಸಲೇಬೇಕೆಂದಿಲ್ಲ. ನಿಮ್ಮ ಜೀವಿತಾವಧಿ ಮತ್ತು ಅದರ ನಂತರ 60 ವರ್ಷ ಅದು ನಿಮ್ಮ ಮನೆಯವರದು. ಧ್ವನಿಮುದ್ರಿಕೆಯ ಹಕ್ಕು ಅದನ್ನು ಮುಂದಾಗಿ ನಿಂತು ತಯಾರಿಸಿದವರಿಗೆ ಸೇರುತ್ತದೆ. ಮನೆಯಲ್ಲಿ ನೀವೇ ಮುದ್ರಿಸಿದರೆ ಆ ತಯಾರಕರೂ ನೀವೇ. ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು, ಬಾಯಿಮಾತು ನಡೆಯುವುದಿಲ್ಲ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಎಂದೂ ಕಾಯ್ದೆಯೇ ಹೇಳುತ್ತದೆ. ಪಡೆದುಕೊಂಡವರು ಒಂದು ವರ್ಷದೊಳಗೆ ಬಳಸದಿದ್ದರೆ, ಕಾಗದದಲ್ಲಿ ಬೇರೆ ರೀತಿ ಬರೆದಿರದ ಹೊರತು, ಹಕ್ಕು ಬಿದ್ದುಹೋಗುತ್ತದೆ. 2012ರ ತಿದ್ದುಪಡಿಯ ನಂತರ ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯಕ್ಕೂ ಸಂಗೀತಕ್ಕೂ ಬರುವ ರಾಯಧನದ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರೆದವರಿಗೂ ಅಧಿಕಾರವಿಲ್ಲ. "ಕಾಯಂ", "ಜಗತ್ತಿನಾದ್ಯಂತ", "ಈಗ ಇರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮ" ಎಂಬ ಮೂರು ಮಾತು ಒಟ್ಟಿಗೆ ಕಂಡರೆ ಪೆನ್ನು ಜೇಬಿಗೆ ಹಾಕಿಕೊಂಡು ಎದ್ದು ಬನ್ನಿ.

ಅದೇ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿಗಳ ಹೆಸರು ಹಿಡಿದೇ ಒಂದು ರಿಯಾಯಿತಿ ಇದೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದ ಸಭೆಯ ಮುಂದೆ, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ನೆರವಿಗಾಗಿ ಕೃತಿಯೊಂದನ್ನು ಹಾಡಿದರೆ, ಆಡಿ ತೋರಿಸಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ದೇಶದ ಕಾನೂನು ಹವ್ಯಾಸಿ ಹಾಡುಗಾರನಿಗೆ ಜಾಗ ಬಿಟ್ಟಿದೆ. ನಮ್ಮ ಸಮಿತಿಗಳು ಬಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮವರ ಕಿವಿಯನ್ನೂ ಹಿಂಡದೆ ಬಿಟ್ಟರೆ ನ್ಯಾಯವಲ್ಲ. ಮನೆಯಲ್ಲಿ ಮುದ್ರಿಸಿದ್ದೆಲ್ಲ ಹಾಡು ಎಂದು ನಾನು ಹೇಳುತ್ತಿಲ್ಲ. ಶ್ರುತಿ ಪೆಟ್ಟಿಗೆ ಹಚ್ಚದೆ ಹಾಡಿ, ಅದರ ತಪ್ಪು ಮುಚ್ಚಲು ಗುಹೆಯಷ್ಟು ಎಕೋ ಹಾಕುವವರಿದ್ದಾರೆ. ಎಕೋ ಎಂಬುದು ಗಿಲಾಯಿದ್ದಂತೆ, ಗೋಡೆ ಸೊಟ್ಟ ಇದ್ದರೆ ಗಿಲಾಯಿ ಎಷ್ಟು ಬಳಿದರೂ ಸೊಟ್ಟವೇ. ಬರೆದ ದಿನವೇ ಹಾಡಿ, ಹಾಡಿದ ತಾಸಿನೊಳಗೆ ಹದಿನಾಲ್ಕು ಗುಂಪುಗಳಿಗೆ ಕಳಿಸಿ, "ಹೆಂಗಾಗೈತ್ರಿ" ಎಂದು ಬೆಳಗಿನ ಐದಕ್ಕೆ ಫೋನು ಮಾಡುವವರಿದ್ದಾರೆ. ಇವರಿಂದಾಗಿ ಉಳಿದವರಿಗೂ ಕೆಟ್ಟ ಹೆಸರು. ಮನಸೂರ, ರಾಜಗುರು, ಜಂಬಲದಿನ್ನಿಯವರು ಹಾಡಿದ ವಚನ ಕೇಳಿ ಬೆಳೆದ ನೆಲ ಇದು. ಗದುಗಿನ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ನಸುಕಿನಿಂದ ಸ್ವರ ಹಚ್ಚಿ ಕಲಿಯುವುದನ್ನು ನೋಡಿದವರಿಗೆ ಸಾಧನೆ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಆ ಎತ್ತರಕ್ಕೆ ನಾವು ಹೋಗಲಾರೆವು, ಹೋಗುತ್ತೇವೆಂದು ಹೇಳಿಕೊಳ್ಳುತ್ತಲೂ ಇಲ್ಲ. ಆದರೆ ಷಡ್ಜಕ್ಕೆ ದನಿ ಕೂಡಿಸುವಷ್ಟು ರಿಯಾಜು ಕೂಡ ಮಾಡದೆ ವೇದಿಕೆ ಕೇಳುವ ಹಕ್ಕು ನಮಗಿಲ್ಲ. ದೊಡ್ಡವರ ಹೆಸರು ಹೇಳಿ ನಮ್ಮನ್ನು ಹೊರಗಿಡುವವರಿಗೂ ಒಂದು ಮಾತು: ಆ ದೊಡ್ಡವರ ಮುಂದೆ ಕೂತು ಕೇಳಿ "ವಾಹ್" ಎಂದ ಸಾವಿರಾರು ಜನ ತಾವೂ ಗುನುಗುವವರೇ ಆಗಿದ್ದರು. ಗುನುಗುವವರೇ ಇಲ್ಲದ ಊರಿನಲ್ಲಿ ಎಂಥ ಗವಾಯಿಗೂ ಶ್ರೋತೃ ಸಿಗುವುದಿಲ್ಲ.

ಮಠಗಳ ಪೂಜ್ಯರಲ್ಲಿ, ಸಮಿತಿಯ ಹಿರಿಯರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ತಿಂಗಳಿಗೊಮ್ಮೆ ನಡೆಯುವ ಗೋಷ್ಠಿಯಲ್ಲಿ ಹದಿನೈದು ನಿಮಿಷ ಊರಿನವರು ಸ್ವಂತ ಬರೆದ ಹಾಡಿಗೆ ಬಿಡಬೇಕು. ಟ್ರ್ಯಾಕ್ ಬೇಡ, ಎಕೋ ಬೇಡ, ಪೇಟಿಯೋ ಏಕತಾರಿಯೋ ಸಾಕು. ಹಾಡಿದ ಮೇಲೆ ಶಾಲು ಹಾರ ಬೇಡ, ಸಂಗೀತ ಬಲ್ಲವರೊಬ್ಬರು ಎದುರಿಗೆ ಕೂತು ಎರಡು ತಪ್ಪು ತೋರಿಸಿದರೆ ಅದೇ ಸನ್ಮಾನ. ಮೇಲೆ ಹೇಳಿದ ಎರಡನೆಯ ಕಿವಿ ನಮಗೆ ಸಿಗುವುದು ಅಲ್ಲಿಯೇ. ಸೌಂಡ್ ಸಿಸ್ಟಮ್‌ನವರಿಗೂ ಒಂದು ವಿನಂತಿ, ಹಾಡುವವರ ದನಿಗಿಂತ ತಬಲಾ ಜೋರಾಗಿ ಇಡಬೇಡಿ.

ಇದಕ್ಕೆ ದುಡ್ಡು ಬೇಕಿಲ್ಲ, ಮೈಕು ಬೇಕಿದ್ದರೆ ನನ್ನದಿದೆ. ಅದು ಈಗಾಗಲೇ ಮೂರು ಮನೆ ತಿರುಗಿ ಬಂದಿದೆ. ಈ ತಿಂಗಳು ಅಕ್ಕಾವ್ರ ಮನೆಯಲ್ಲಿದೆ. ಛಾಪಾ ಕಾಗದದವರನ್ನು ಮರಳಿ ಕಳಿಸಿದ ಮೇಲೆ ಅವರು ಟ್ರಂಕು ಇಡುವ ಕೋಣೆಯಲ್ಲಿ ಎರಡು ಕೌದಿ ಕಟ್ಟಿಕೊಂಡು ಹನ್ನೊಂದು ಹಾಡು ಮುದ್ರಿಸಿದ್ದಾರೆ. ಅಮವಾಸ್ಯೆ ಕಳೆದ ಮೇಲೆ ಖಾಲಿಯಾಗುತ್ತದೆ. ಮುಂದಿನ ಪಾಳಿ ಬೇಕಾದವರು ಗೋಷ್ಠಿಯ ದಿನ ಬಂದು ಹೇಳಬಹುದು.